ಕುತ್ತಿಗೆ ಹಿಡಿದರೆ ಯಾವುದು ಮೊದಲು: ಒಣ ಶಾಖ, ಎಣ್ಣೆ, ನಸ್ಯ, ದೇಹಶುದ್ಧಿ

ಕುತ್ತಿಗೆ ಹಿಡಿದಿದೆ ಎಂದು ಶಿರಸಿ, ಕುಮಟಾ, ಗೋಕರ್ಣದ ಕಡೆಯ ಯಾವುದಾದರೂ ಪಂಚಕರ್ಮ ಕೇಂದ್ರಕ್ಕೆ ಹೋದರೆ ಕೈಗೆ ಸಿಗುವ ಪಟ್ಟಿ ಉದ್ದವಾಗಿರುತ್ತದೆ: ಅಭ್ಯಂಗ (ಎಣ್ಣೆ ಮಾಲೀಸು), ಪಿಂಡಸ್ವೇದ (ಬಿಸಿ ಗಂಟಿನ ಶಾಖ), ಗ್ರೀವಾಬಸ್ತಿ (ಕುತ್ತಿಗೆಯ ಮೇಲೆ ಹಿಟ್ಟಿನ ಕಟ್ಟೆ ಕಟ್ಟಿ ಎಣ್ಣೆ ನಿಲ್ಲಿಸುವುದು), ನಸ್ಯ (ಮೂಗಿಗೆ ಔಷಧಿ ಹನಿ), ಕೊನೆಗೆ ‘ಡಿಟಾಕ್ಸ್’, ಅಂದರೆ ದೇಹಶುದ್ಧಿ. ಪಟ್ಟಿ ನೋಡಿದವರಿಗೆ ಎಲ್ಲವೂ ಒಂದೇ ತೂಕದವು ಅನಿಸುತ್ತದೆ. ಹಾಗಲ್ಲ. ಮೊನ್ನೆ ಹಿಡಿದ ಕುತ್ತಿಗೆಗೂ ವರ್ಷಗಟ್ಟಲೆಯಿಂದ ಕಟಕಟ ಎನ್ನುತ್ತಿರುವ ಕುತ್ತಿಗೆಗೂ ಚಿಕಿತ್ಸೆಯ ಆರಂಭವೇ ಬೇರೆ. ದೇಹಶುದ್ಧಿಯಂತೂ ಕುತ್ತಿಗೆ ನೋವಿನ ಮೊದಲ ಮದ್ದಲ್ಲ. ಅದು ಬೇಕೋ ಬೇಡವೋ ಎಂಬುದನ್ನು ಹೊಟ್ಟೆ, ಋತು, ಕೈಯಲ್ಲಿರುವ ರಜೆ ಇವನ್ನೆಲ್ಲ ನೋಡಿ ಪ್ರತ್ಯೇಕವಾಗಿ ತೀರ್ಮಾನಿಸಬೇಕು.

ಎಣ್ಣೆ ಮುಟ್ಟುವ ಮೊದಲು

ಕೆಲವು ಕುತ್ತಿಗೆ ನೋವುಗಳು ಪಂಚಕರ್ಮ ಕೇಂದ್ರಕ್ಕೆ ಹೋಗಬಾರದವು. ಜ್ವರ, ತಲೆನೋವಿನ ಜೊತೆ ಕುತ್ತಿಗೆ ಬಗ್ಗಿಸಲಾಗದಿದ್ದರೆ ಆಸ್ಪತ್ರೆಗೆ ಹೋಗಬೇಕು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದಕ್ಕೊಂದು ವಿಶೇಷ ಕಾರಣವೂ ಇದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಸಿದ್ದಾಪುರ, ಹೊನ್ನಾವರದ ಕಾಡಂಚಿನಲ್ಲೂ ಕಾಣಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇ ತನಕ ಅದರ ಕಾಲ. ಏಕಾಏಕಿ ಜ್ವರ, ತಲೆನೋವು, ಮೈಕೈ ನೋವಿನಿಂದಲೇ ಅದು ಶುರುವಾಗುವುದು. ದರಕು (ಒಣ ಎಲೆ) ತರಲು, ಸೊಪ್ಪು ಕಡಿಯಲು ಕಾಡಿಗೆ ಹೋಗಿ ಬಂದವರಿಗೆ ಈ ಲಕ್ಷಣ ಕಂಡರೆ ಶಾಖ ಕೊಡುತ್ತ ಕೂರದೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಬೇಕು.

ಕೈಯ ಬಲ ಕುಗ್ಗಿ ಹಿಡಿದ ಲೋಟ ಜಾರುವುದು, ಅಂಗಿಯ ಗುಂಡಿ ಹಾಕಲು ತಡವರಿಸುವುದು, ನಡೆಯುವಾಗ ಕಾಲು ತೊಡರುವುದು, ಮೂತ್ರದ ಹಿಡಿತ ತಪ್ಪುವುದು: ಇವು ಮಿದುಳುಬಳ್ಳಿ ಒತ್ತುತ್ತಿರುವ ಸೂಚನೆ ಇರಬಹುದು. ಬಿದ್ದು ಪೆಟ್ಟಾದ ಮೇಲೆ ಬಂದ ನೋವು, ಕ್ಯಾನ್ಸರ್ ಅಥವಾ ಕ್ಷಯ ಇದ್ದವರ ಹೊಸ ನೋವು, ಎದೆ ಬಿಗಿತ ಮತ್ತು ಬೆವರಿನ ಜೊತೆ ದವಡೆ, ಎಡ ತೋಳಿಗೆ ಹಬ್ಬುವ ನೋವು ಇವುಗಳಿಗೂ ಆಸ್ಪತ್ರೆಯೇ ಮೊದಲು. ಮುಖ ಸೊಟ್ಟಗಾಗಿ, ಒಂದು ಬದಿಯ ಕೈಕಾಲು ಬಿದ್ದುಹೋದರೆ ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಯಂಥ ಸ್ಕ್ಯಾನ್ ಸೌಲಭ್ಯ ಇರುವ ಕಡೆಗೆ ತಕ್ಷಣ ಹೊರಡಬೇಕು. ರಕ್ತದ ಹೆಪ್ಪು ಕರಗಿಸುವ ಮದ್ದಿಗೆ ಇರುವ ಅವಧಿ ಸುಮಾರು ನಾಲ್ಕೂವರೆ ಗಂಟೆ, ಹೊನ್ನಾವರದಿಂದ ಕಾರವಾರದ ದಾರಿಯಲ್ಲೇ ಅದರಲ್ಲಿ ಒಂದು ಪಾಲು ಕಳೆದುಹೋಗುತ್ತದೆ. ಪಾರ್ಶ್ವವಾಯುವಿಗೆ ಅಂಕೋಲೆಯ ಬೆಳಂಬಾರದ ನಾಟಿ ಔಷಧಿ ಹುಡುಕಿ ಬರುವವರು ಬಹಳ, ಆದರೆ ಆ ಪ್ರಯಾಣ ಈ ಮೊದಲ ಗಂಟೆಗಳು ಕಳೆದ ಮೇಲಿನದು.

ಕ್ಷೌರದಂಗಡಿಯಲ್ಲಿ ಗಲ್ಲ ಹಿಡಿದು ಲಟಕ್ ಎಂದು ತಿರುಗಿಸುವುದು ಯಾರಿಗೂ ಬೇಡ. ಮಿದುಳಿಗೆ ಹೋಗುವ ರಕ್ತನಾಳ ಕುತ್ತಿಗೆಯ ಎಲುಬಿನ ರಂಧ್ರಗಳೊಳಗೇ ಹಾದುಹೋಗುತ್ತದೆ. ಆ ಎಳೆತಕ್ಕೆ ಅದರ ಒಳಪದರ ಹರಿದ ಉದಾಹರಣೆಗಳಿವೆ.

ಹೊಸ ಹಿಡಿತ, ಹಳೆ ನೋವು

ಮನ್ಯಾಸ್ತಂಭಕ್ಕೆ, ಅಂದರೆ ಕುತ್ತಿಗೆ ಹಿಡಿತಕ್ಕೆ, ಸುಶ್ರುತ ಸಂಹಿತೆ ಕೊಡುವ ಕಾರಣಗಳು ಮೂರು: ಹಗಲು ನಿದ್ದೆ, ಕೂರುವ ನಿಲ್ಲುವ ಭಂಗಿಯ ವಿಕಾರ, ಸದಾ ಮೇಲೆ ನೋಡುವುದು. ಮೂರನೆಯದು ಘಟ್ಟದ ಮೇಲಿನವರಿಗೆ ಚೆನ್ನಾಗಿ ಗೊತ್ತು. ಕೊನೆಗೌಡ ಮರ ಹತ್ತುತ್ತಿದ್ದಾಗ ಅಡಿಕೆ ಗೊನೆ ಅವನ ಕಣ್ಣಳತೆಯಲ್ಲಿರುತ್ತಿತ್ತು. ಈಗ ಕಾರ್ಬನ್ ಫೈಬರ್ ದೋಟಿ ಹಿಡಿದು ನೆಲದಲ್ಲಿ ನಿಂತು ಗಂಟೆಗಟ್ಟಲೆ ತಲೆ ಎತ್ತಿಯೇ ಕೊಯ್ಯಬೇಕು. ಬೀಳುವ ಭಯ ಹೋಯಿತು, ಕುತ್ತಿಗೆಗೆ ಕೆಲಸ ಬಂತು. ಅದೇ ಮನೆಯಲ್ಲಿ ರಾತ್ರಿ ಅಡಿಕೆ ಸುಲಿಯುವವರದು ತದ್ವಿರುದ್ಧ ಭಂಗಿ, ತಲೆ ಬಗ್ಗಿಸಿದ್ದು ಬಗ್ಗಿಸಿದ ಹಾಗೇ. ಲ್ಯಾಪ್‌ಟಾಪ್ ಹಿಡಿದು ಊರಿಂದಲೇ ಕೆಲಸ ಮಾಡುವವರನ್ನೂ ಇವರ ಜೊತೆಗೇ ಸೇರಿಸಬಹುದು.

ಸುಶ್ರುತ ಹೇಳುವ ಇನ್ನೊಂದು ಮಾತು ಚಿಕಿತ್ಸೆಯ ದಿಕ್ಕನ್ನೇ ತಿರುಗಿಸುತ್ತದೆ. ಇಲ್ಲಿ ಕೆರಳಿದ ವಾತವನ್ನು ಕಫ ಮುಚ್ಚಿಕೊಂಡಿರುತ್ತದೆ, ಹಾಗಾಗಿ ರೂಕ್ಷ ಸ್ವೇದ, ಅಂದರೆ ಒಣ ಶಾಖ, ಮತ್ತು ವಾತ ಕಫ ಎರಡನ್ನೂ ಇಳಿಸುವ ನಸ್ಯ ಮುಖ್ಯ. ಬೆಳಗ್ಗೆ ಎದ್ದಾಗ ಕುತ್ತಿಗೆ ಭಾರ, ಒಂದು ಬದಿಗೆ ತಿರುಗುವುದಿಲ್ಲ, ಮಳೆಚಳಿಗೆ ಜಾಸ್ತಿ, ಬಿಸಿನೀರು ಬಿದ್ದರೆ ಹಗುರ ಎನಿಸಿದರೆ ಅದು ಈ ಜಾತಿಯದು. ಇಂಥದಕ್ಕೆ ಮೊದಲ ದಿನವೇ ಎಣ್ಣೆ ಸುರಿದರೆ ಭಾರ ಹೆಚ್ಚುವುದೇ ಜಾಸ್ತಿ. ಎಣ್ಣೆ ಹಚ್ಚಿದ ಮೇಲೆ ಬಿಗಿತ ಏರಿತು ಎಂದು ಬರುವವರಲ್ಲಿ ಸಾಮಾನ್ಯವಾಗಿ ತಪ್ಪಿರುವುದು ಈ ಅನುಕ್ರಮವೇ.

ತಿಂಗಳು, ವರ್ಷಗಳ ನೋವು ಬೇರೆ ರೀತಿ. ತಿರುಗಿಸಿದರೆ ಸದ್ದು, ಸಂಜೆಗೆ ಹೆಚ್ಚಾಗುವ ಸೆಳೆತ, ಭುಜದ ಸ್ನಾಯು ಒಣಗಿ ಗಂಟಾದಂತೆ. ಇಲ್ಲಿ ಸ್ನೇಹ, ಅಂದರೆ ಎಣ್ಣೆ, ನಿಜವಾಗಿ ಕೆಲಸಕ್ಕೆ ಬರುತ್ತದೆ. ಎಕ್ಸ್‌ರೇಯಲ್ಲಿ ‘ಸವಕಳಿ’ ಎಂದು ಬರೆದದ್ದನ್ನು ನೋಡಿ ಹೆದರುವುದು ಬೇಡ. ನಡುವಯಸ್ಸು ದಾಟಿದ ಮೇಲೆ ನೋವೇ ಇಲ್ಲದವರ ಎಕ್ಸ್‌ರೇಯಲ್ಲೂ ಅದು ಕಾಣುತ್ತದೆ. ಯಾವ ಎಣ್ಣೆಯೂ ಸವೆದ ಎಲುಬನ್ನು ಮತ್ತೆ ಬೆಳೆಸುವುದಿಲ್ಲ. ಸುತ್ತಲಿನ ಸ್ನಾಯು ಸಡಿಲಾಗಿ ನೋವು ಇಳಿಯಬಹುದು, ಅಷ್ಟೇ.

ಒಣ ಶಾಖ: ಮನೆಯಲ್ಲೇ ಆಗುವುದು

ಹೊಸ ಹಿಡಿತ ಬಹುಪಾಲು ಒಂದೆರಡು ವಾರದಲ್ಲಿ ತಾನಾಗಿಯೇ ಬಿಡುತ್ತದೆ. ಆದ್ದರಿಂದ ಮೊದಲ ವಾರಕ್ಕೇ ಏಳು ದಿನದ ಪ್ಯಾಕೇಜಿಗೆ ದುಡ್ಡು ಕಟ್ಟುವ ಅಗತ್ಯ ಕಾಣುವುದಿಲ್ಲ. ಹುರುಳಿ ಅಥವಾ ಜರಡಿ ಹಿಡಿದ ಹೊಳೆ ಮರಳು ಕಾಲು ಕಿಲೋದಷ್ಟು ತೆಗೆದು ಹಳೆಯ ಹತ್ತಿ ಪಂಚೆಯ ತುಂಡಿನಲ್ಲಿ ಕಟ್ಟಿ ಎರಡು ಗಂಟು ಮಾಡಿ. ಕಬ್ಬಿಣದ ಬಾಣಲೆಯಲ್ಲಿ ಒಂದನ್ನು ಕಾಯಿಸುತ್ತ ಇನ್ನೊಂದರಿಂದ ಶಾಖ ಕೊಡುವುದು. ಪ್ರತಿ ಸಲವೂ ಕೊಡುವವರ ಮುಂಗೈ ಒಳಮಗ್ಗುಲಿಗೆ ಒತ್ತಿ ನೋಡಿಯೇ ಮುಟ್ಟಿಸಬೇಕು. ಕುತ್ತಿಗೆಯ ಹಿಂಬದಿ, ಭುಜದ ಮೇಲ್ಭಾಗಕ್ಕೆ ಹತ್ತರಿಂದ ಹದಿನೈದು ನಿಮಿಷ, ದಿನಕ್ಕೆ ಎರಡು ಸಲ, ಮೂರು ದಿನ. ಮುಂಭಾಗಕ್ಕೆ ಬೇಡ.

ಕಡಲತೀರದ ಮರಳು ಉಪ್ಪಿನಿಂದ ತೇವ ಹಿಡಿದಿರುತ್ತದೆ, ತೊಳೆದು ಒಣಗಿಸದೆ ಬಳಸಿದರೆ ಒಣ ಶಾಖದ ಬದಲು ಹಬೆ ಬರುತ್ತದೆ. ಟೆರಿಕಾಟ್ ಬಟ್ಟೆ ಬಿಸಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ. ಸಕ್ಕರೆ ಕಾಯಿಲೆಯಿಂದ ಚರ್ಮದ ಅರಿವು ಕುಂದಿದವರಿಗೆ ಸುಟ್ಟದ್ದು ಗೊತ್ತಾಗುವುದೇ ಬೊಬ್ಬೆ ಎದ್ದ ಮೇಲೆ; ಅವರಿಗೆ ಬೆಚ್ಚಗಿನ ನೀರಿನ ಚೀಲ ಮೇಲು. ಈ ದಿನಗಳಲ್ಲಿ ಹಗಲು ಮಲಗಬಾರದು, ದಪ್ಪ ದಿಂಬು ಬಿಡಬೇಕು. ಹಾಗೆಂದು ಕುತ್ತಿಗೆಯನ್ನು ಅಲ್ಲಾಡಿಸದೇ ಇಟ್ಟುಕೊಳ್ಳುವುದೂ ತಪ್ಪು. ನೋವು ಬಿಟ್ಟಷ್ಟು ದೂರ ಮೆಲ್ಲನೆ ಎಡಕ್ಕೆ ಬಲಕ್ಕೆ ತಿರುಗಿಸುತ್ತಿರಬೇಕು.

ಗ್ರೀವಾಬಸ್ತಿಯೋ ಪಿಚುವೋ

ಹಳೆಯ, ಒಣಗಿದ ನೋವಿಗೆ ಹೆಚ್ಚು ಸೂಚಿಸುವುದು ಗ್ರೀವಾಬಸ್ತಿ. ಕೆಲಸ ನಾಜೂಕಿನದು. 300-400 ಗ್ರಾಂ ಉದ್ದಿನ ಹಿಟ್ಟನ್ನು ಚಪಾತಿ ಹಿಟ್ಟಿಗಿಂತ ತುಸು ಗಟ್ಟಿಯಾಗಿ ಕಲಸಿ, ಎರಡು ಬೆರಳು ಎತ್ತರದ ಕಟ್ಟೆ ಮಾಡುತ್ತಾರೆ. ಬೋರಲು ಮಲಗಿಸಿ, ಕೂದಲಂಚಿನ ಕೆಳಗಿನಿಂದ ಕುತ್ತಿಗೆ ಬುಡದ ಉಬ್ಬು ಎಲುಬಿನ ಕೆಳಗಿನವರೆಗೆ ಅದನ್ನು ಕೂರಿಸಿ, ಒಳಬದಿಯ ಸಂದನ್ನು ಒದ್ದೆ ಬೆರಳಿಂದ ಮುಚ್ಚುತ್ತಾರೆ. ಎಣ್ಣೆಯನ್ನು ನೇರ ಬೆಂಕಿಗಿಡದೆ ಬಿಸಿನೀರಿನ ಪಾತ್ರೆಯೊಳಗಿಟ್ಟು ಸುಮಾರು 40 ಡಿಗ್ರಿಗೆ ತರುತ್ತಾರೆ. ಕಟ್ಟೆಯ ಒಳಗೋಡೆಗೆ ತಾಗಿಸಿ ನಿಧಾನ ಸುರಿಯಬೇಕು, ನಡುವೆ ಎತ್ತಿ ಹೊಯ್ಯಬಾರದು. ಬೇಕಾಗುವುದು ಹೆಚ್ಚುಕಮ್ಮಿ 150ರಿಂದ 250 ಮಿ.ಲೀ. ಆರುತ್ತ ಬಂದಂತೆ ಹತ್ತಿಯಲ್ಲಿ ಹೀರಿ ತೆಗೆದು ಬಿಸಿಯದನ್ನು ತುಂಬುತ್ತಾರೆ. ಮೂವತ್ತು ನಿಮಿಷದಿಂದ ಮುಕ್ಕಾಲು ಗಂಟೆ, ಏಳು ದಿನ. ಮುಗಿದ ಮೇಲೆ ಹಗುರ ಮಾಲೀಸು, ಸ್ವಲ್ಪ ಹಬೆ.

ಕೆಡುವುದು ಎಲ್ಲೆಂದರೆ, ಹಿಟ್ಟು ನೀರಾದರೆ ಕಟ್ಟೆ ಕುಸಿಯುತ್ತದೆ, ಒಣಗಿದರೆ ಬಿರುಕು ಬಿಟ್ಟು ಎಣ್ಣೆ ಕಿವಿಯ ಕಡೆ ಹರಿಯುತ್ತದೆ. ಕತ್ತಿನ ಕೂದಲು ತೆಗೆಯದಿದ್ದರೆ ಎಷ್ಟು ಮೆತ್ತಿದರೂ ಸೋರುವುದು ನಿಲ್ಲದು. ಬಿಸಿ ನೋಡದೆ ಹೊಯ್ದರೆ ಬೊಬ್ಬೆ. ಇವೆಲ್ಲಕ್ಕಿಂತ ಹೆಚ್ಚಾಗಿ ಗಮನಕ್ಕೆ ಬಾರದೆ ಹೋಗುವುದು ಮಲಗುವ ಭಂಗಿ. ಮುಖಕ್ಕೆ ರಂಧ್ರವಿರುವ ಮೇಜಿಲ್ಲದೆ, ಕತ್ತನ್ನು ಒಂದು ಬದಿಗೆ ತಿರುಗಿಸಿ ಅರ್ಧ ಗಂಟೆ ಬೋರಲು ಮಲಗಿಸಿದರೆ ಎಣ್ಣೆ ಕೊಟ್ಟ ಆರಾಮವನ್ನು ಆ ಭಂಗಿಯೇ ಕಿತ್ತುಕೊಳ್ಳುತ್ತದೆ. ಕೇಂದ್ರ ಆರಿಸುವಾಗ ಮೊದಲು ಆ ಮೇಜನ್ನು ನೋಡಿ. ಬಳಸಿದ ಎಣ್ಣೆಯನ್ನು ಅದೇ ರೋಗಿಗೆ ಎರಡು ಮೂರು ದಿನ ಮತ್ತೆ ಬಳಸುವುದು ರೂಢಿ. ಇನ್ನೊಬ್ಬರದನ್ನು ನಿಮಗೆ ಬಳಸಕೂಡದು, ಹಾಗಾಗಿ ಬಾಟಲಿಯ ಮೇಲೆ ಹೆಸರು ಬರೆದಿದ್ದಾರೋ ಎಂದು ಕೇಳಿ.

ಬೋರಲು ಮಲಗಲಾಗದವರಿಗೆ, ಅಂದರೆ ದಮ್ಮು ಇರುವವರು, ದೊಡ್ಡ ಹೊಟ್ಟೆಯವರು, ವಯಸ್ಸಾದವರಿಗೆ, ಪಿಚು ಸಾಕು. ಅಂಗೈಯಗಲದ ಹತ್ತಿಯನ್ನು ಅರ್ಧ ಇಂಚು ದಪ್ಪ ಮಡಚಿ, 30-40 ಮಿ.ಲೀ. ಬೆಚ್ಚಗಿನ ಎಣ್ಣೆಯಲ್ಲಿ ಅದ್ದಿ ಕುತ್ತಿಗೆಗೆ ಇಟ್ಟು, ಮೇಲೊಂದು ಬಟ್ಟೆ ಕಟ್ಟಿ ಕುಳಿತರಾಯಿತು. ಆರಿದಾಗ ಮೇಲಿನಿಂದ ಎರಡು ಚಮಚ ಬಿಸಿ ಎಣ್ಣೆ. ಮನೆಯಲ್ಲಿ ಸೊಸೆಯೋ ಮಗನೋ ಮಾಡಬಹುದು. ಕಟ್ಟೆಯಲ್ಲಿ ನಿಂತ ಎಣ್ಣೆಯಷ್ಟು ಹೊತ್ತು ಬಿಸಿ ಉಳಿಯದು ನಿಜ, ಆದರೆ ದಿನವೂ ದೇವಿಮನೆ ಘಟ್ಟ ಹತ್ತಿಳಿದು ಗ್ರೀವಾಬಸ್ತಿ ಮಾಡಿಸಿಕೊಳ್ಳುವುದಕ್ಕಿಂತ ಮನೆಯ ಪಿಚು ಒಳ್ಳೆಯದು. ಬೆವರಿದ ಕುತ್ತಿಗೆಗೆ ಬೈಕಿನ ಗಾಳಿ ಬಡಿದರೆ ಆ ದಿನದ ಚಿಕಿತ್ಸೆ ಹೋದಂತೆಯೇ.

ಎಣ್ಣೆ ಯಾವುದು? ಕೈಗೆ ಮೊದಲು ಸಿಗುವುದು ಕೊಬ್ಬರಿ ಎಣ್ಣೆ. ಅದು ತಂಪು, ತಲೆಗೆ ಸರಿ. ಹಿಡಿದ ಕುತ್ತಿಗೆಗೆ ಎಳ್ಳೆಣ್ಣೆಯ ಆಧಾರದ್ದು ಬೇಕು. ಬಿಗಿತ, ಭಾರ ಉಳಿದಿದ್ದರೆ ಕೊಟ್ಟಂಚುಕ್ಕಾದಿ ತೈಲ. ಒಣಗಿದ ನೋವಿಗೆ ಮಹಾನಾರಾಯಣ ಅಥವಾ ಧನ್ವಂತರ. ಉರಿ, ಜುಮುಗುಡುವಿಕೆ ಜೊತೆಗಿದ್ದರೆ ಕ್ಷೀರಬಲಾ. ಗಾಯ, ಕಜ್ಜಿ, ಹುಳುಕಡ್ಡಿ ಇರುವ ಚರ್ಮದ ಮೇಲೆ ಯಾವುದೂ ಬೇಡ.

ಎಲೆಯ ಪಿಂಡಸ್ವೇದ ಒಣ ಶಾಖ, ಎಣ್ಣೆ ಇವೆರಡರ ನಡುವಿನದು. ನೆಕ್ಕಿ (ಲಕ್ಕಿ), ಎಕ್ಕೆ, ಹುಣಸೆ, ಹರಳು ಎಲೆಗಳನ್ನು ಹೆಚ್ಚಿ, ತೆಂಗಿನ ತುರಿ, ಲಿಂಬೆ ಸೇರಿಸಿ ಎಣ್ಣೆಯಲ್ಲಿ ಹುರಿದು ಗಂಟು ಕಟ್ಟಿ ಒತ್ತುವುದು. ಒಣ ಶಾಖದಿಂದ ಭಾರ ಇಳಿದ ಮೇಲೆ, ನಾಲ್ಕನೇ ದಿನದ ಹೊತ್ತಿಗೆ ಚೆನ್ನಾಗಿ ಹೊಂದುತ್ತದೆ. ಎಕ್ಕೆಯ ಹಾಲು ಕಣ್ಣಿಗೆ ಹಾರಿದರೆ ಕಣ್ಣೇ ಕೆಡುವ ಅಪಾಯವಿದೆ, ಎಲೆ ಕೊಯ್ದ ಕೈ ತೊಳೆದೇ ಮುಂದಿನ ಕೆಲಸ.

ನಸ್ಯ

ತಲೆಭಾರ, ಮೂಗು ಕಟ್ಟುವಿಕೆ, ತಲೆಯ ಹಿಂಭಾಗಕ್ಕೆ ಏರುವ ನೋವು ಕುತ್ತಿಗೆ ಹಿಡಿತದ ಜೊತೆ ಇದ್ದರೆ ಎಣ್ಣೆಕಟ್ಟೆಗಿಂತ ನಸ್ಯ ಮೊದಲು. ಮನೆಯಲ್ಲಿ ಮಾಡಬಹುದಾದದ್ದು ಪ್ರತಿಮರ್ಶ ಮಾತ್ರ: ಒಂದೊಂದು ಹೊಳ್ಳೆಗೆ ಎರಡು ಹನಿ ಅಣುತೈಲ. ಆರು, ಎಂಟು, ಹತ್ತು ಬಿಂದುಗಳ ಮರ್ಶ ನಸ್ಯವನ್ನು ವೈದ್ಯರೇ ಮಾಡಬೇಕು. ಮುಖಕ್ಕೆ ಎಣ್ಣೆ ಸವರಿ, ಕಣ್ಣಿಗೆ ಒದ್ದೆ ಹತ್ತಿಯಿಟ್ಟು ಹಗುರ ಹಬೆ ಕೊಟ್ಟು, ಮಲಗಿಸಿ ಬೆಚ್ಚಗಿನ ಹನಿ ಬಿಡುತ್ತಾರೆ. ಗಂಟಲಿಗೆ ಇಳಿದದ್ದನ್ನು ನುಂಗದೆ ಉಗುಳಬೇಕು, ಆಮೇಲೆ ಬಿಸಿನೀರಿನಲ್ಲಿ ಬಾಯಿ ಮುಕ್ಕಳಿಸಬೇಕು.

ಕುತ್ತಿಗೆ ನೋವಿನವರಿಗೆ ಇಲ್ಲೊಂದು ಅಡ್ಡಿ ಇದೆ. ನಸ್ಯಕ್ಕೆ ತಲೆ ಹಿಂದಕ್ಕೆ ಬಾಗಬೇಕು, ನೋವು ಹೆಚ್ಚುವುದೂ ಅದೇ ಭಂಗಿಯಲ್ಲಿ. ಭುಜದ ಕೆಳಗೆ ತೆಳ್ಳಗಿನ ಮಡಿಕೆ ಬಟ್ಟೆ ಸಾಕು. ತಲೆಯನ್ನು ಮಂಚದಂಚಿನಿಂದ ಕೆಳಗೆ ಜೋತುಬಿಡಿಸುವವರಲ್ಲಿ ಮಾಡಿಸಿಕೊಳ್ಳಬೇಡಿ. ತಲೆ ಹಿಂದೆ ಹಾಕಿದರೆ ಸುತ್ತು ಬರುವವರಿಗೆ ನಸ್ಯವೇ ಬೇಡ. ಊಟವಾದ ಕೂಡಲೆ, ತಲೆಸ್ನಾನ ಮಾಡಿದ ದಿನ, ನೆಗಡಿ ಜ್ವರದಲ್ಲಿ, ಬಸುರಿನಲ್ಲಿ ನಿಷೇಧ. ಮೋಡ ಕವಿದ ದಿನ ಅಣುತೈಲ ಬೇಡ, ಆಕಾಶ ತೆರೆದಾಗ ಎಂಬುದು ಚರಕ ಸಂಹಿತೆಯ ನಿಯಮ. ಅದನ್ನು ಅಕ್ಷರಶಃ ಪಾಲಿಸಿದರೆ ನಮ್ಮಲ್ಲಿ ಆಷಾಢ, ಶ್ರಾವಣದಲ್ಲಿ ನಸ್ಯವೇ ಇಲ್ಲ. ಅಗತ್ಯ ಬಿದ್ದರೆ ಬೆಚ್ಚಗಿನ ಕೋಣೆಯಲ್ಲಿ, ಬಿಡುವು ಕೊಟ್ಟ ದಿನ ನೋಡಿ ಮಾಡುವ ವೈದ್ಯರಿದ್ದಾರೆ.

ಹೊಟ್ಟೆಗೆ ಕೊಡುವ ಮದ್ದಿನ ಬಗ್ಗೆ ಎರಡೇ ಮಾತು. ಮಹಾರಾಸ್ನಾದಿ ಕಷಾಯ, ತ್ರಯೋದಶಾಂಗ ಗುಗ್ಗುಳು ಸಾಮಾನ್ಯವಾಗಿ ಬರೆಯುವಂಥವು. ರಕ್ತ ತೆಳುಮಾಡುವ ಮಾತ್ರೆ ಅಥವಾ ಥೈರಾಯ್ಡ್ ಮಾತ್ರೆ ನುಂಗುವವರು ಗುಗ್ಗುಳು ಶುರುಮಾಡುವ ಮೊದಲು ವೈದ್ಯರಿಗೆ ಹೇಳಲೇಬೇಕು. ಚೀಟಿ, ಲೇಬಲ್ ಇಲ್ಲದ ಪುಡಿ ಪೊಟ್ಟಣ ಎಷ್ಟೇ ಬೇಗ ನೋವು ಇಳಿಸಿದರೂ ಅನುಮಾನಿಸಿ. ಅದರಲ್ಲಿ ಸ್ಟೆರಾಯ್ಡೋ ಲೋಹದ ಭಸ್ಮವೋ ಇದ್ದರೆ ತಿಳಿಯುವ ದಾರಿ ಇರುವುದಿಲ್ಲ.

ದೇಹಶುದ್ಧಿ ಯಾರಿಗೆ

ಮೈಯ ಕಸ ಹೊರಹಾಕುವ ಕೆಲಸ ಯಕೃತ್ತು, ಮೂತ್ರಪಿಂಡಗಳದು. ಅವು ರಜೆ ಹಾಕುವುದಿಲ್ಲ. ಅಂಗಾಲಿಗೆ ಅಂಟಿಸಿದ ಪಟ್ಟಿ ಬೆಳಗ್ಗೆ ಕಪ್ಪಾದರೆ ಅದು ಬೆವರಿನ ತೇವ ತಾಗಿ ಆದ ಬಣ್ಣ, ವಿಷವಲ್ಲ. ಆಯುರ್ವೇದ ಹೇಳುವ ಆಮ ಜೀರ್ಣವಾಗದೆ ಉಳಿದದ್ದರ ಕುರಿತಾದ ಕಲ್ಪನೆ. ನಾಲಿಗೆ ಬಿಳಿ, ಹಸಿವಿಲ್ಲ, ಹೊಟ್ಟೆ ಕಟ್ಟಿದೆ, ಮೈ ಜಡ್ಡು ಎಂಬ ಲಕ್ಷಣಗಳಿದ್ದರೆ ಮಾತ್ರ ಆ ಮಾತು ಬರುತ್ತದೆ. ಇವು ಯಾವುವೂ ಇಲ್ಲದೆ ಬರೀ ಕುತ್ತಿಗೆ ನೋವಿದ್ದವರಿಗೆ ಶೋಧನ, ಅಂದರೆ ದೇಹಶುದ್ಧಿ, ಮಾಡಿಸಿಕೊಳ್ಳಲು ಅವಸರವಿಲ್ಲ.

ಇದ್ದರೂ ಮೊದಲ ಮೆಟ್ಟಿಲು ಹಗುರದ್ದು: ನಾಲ್ಕೈದು ದಿನ ರಾತ್ರಿ ಊಟಕ್ಕೆ ತೆಳು ಗಂಜಿ, ಊಟಕ್ಕೆ ಮುಂಚೆ ಶುಂಠಿ ಚೂರಿಗೆ ಸೈಂಧವ ಉಪ್ಪು, ಕುಡಿಯಲು ಬಿಸಿನೀರು, ಕರಿದದ್ದೂ ಮೊಸರೂ ದೂರ. ಅರ್ಧದಷ್ಟು ಜನರಿಗೆ ಇದಕ್ಕಿಂತ ಮುಂದೆ ಹೋಗುವ ಅಗತ್ಯವೇ ಬೀಳುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಪೂರ್ಣ ವಿರೇಚನ, ಅಂದರೆ ಭೇದಿ ಮಾಡಿಸುವ ಶೋಧನ, ಬೇರೆಯೇ ಗಾತ್ರದ್ದು. ಹಸಿವು ಹೆಚ್ಚಿಸುವ ಮದ್ದು ಎರಡು ಮೂರು ದಿನ, ಔಷಧಿ ತುಪ್ಪ ಕುಡಿಯುವುದು ಮೂರರಿಂದ ಏಳು ದಿನ, ಮೈಗೆ ಎಣ್ಣೆ ಮತ್ತು ಹಬೆ ಮೂರು ದಿನ, ಭೇದಿಯ ದಿನ ಒಂದು, ಮತ್ತೆ ಊಟಕ್ಕೆ ಮರಳಲು ಮೂರರಿಂದ ಏಳು ದಿನ. ಎಷ್ಟು ಬಿಗಿಹಿಡಿದರೂ ಹನ್ನೆರಡು ದಿನಕ್ಕೆ ಕಡಿಮೆಯಾಗುವುದಿಲ್ಲ. ‘ಮೂರು ದಿನದಲ್ಲಿ ಸಂಪೂರ್ಣ ಪಂಚಕರ್ಮ’ ಎಂಬ ಫಲಕ ಕಂಡರೆ ಅಲ್ಲಿ ಸಿಗುವುದು ಮಾಲೀಸು ಮತ್ತು ಹಬೆ. ಅದು ಹಿತವೇ, ಆದರೆ ಶೋಧನವಲ್ಲ.

ತುಪ್ಪ ಕುಡಿಯುವ ದಿನಗಳಲ್ಲೇ ಹೆಚ್ಚು ಜನ ಎಡವುವುದು. ಸಾಮಾನ್ಯವಾಗಿ 30 ಮಿ.ಲೀ.ಯಿಂದ ಶುರುವಾಗಿ ದಿನದಿನಕ್ಕೆ ಏರುತ್ತದೆ. ಕುಡಿದ ಮೇಲೆ ನಿಜವಾದ ಹಸಿವು ಬರುವ ತನಕ ಬಿಸಿನೀರು ಬಿಟ್ಟು ಏನೂ ಕೂಡದು. ಎಂಟು ಗಂಟೆಯಾಯಿತೆಂದು ಅಭ್ಯಾಸಬಲದಿಂದ ದೋಸೆ ತಿಂದರೆ, ತಣ್ಣೀರು ಕುಡಿದರೆ, ಹಗಲು ಮಲಗಿದರೆ ವಾಕರಿಕೆ, ಹೊಟ್ಟೆಯುಬ್ಬರ ಬಂದು ಎಲ್ಲ ಅಲ್ಲಿಗೇ ನಿಲ್ಲುತ್ತದೆ. ಮಲದಲ್ಲಿ ಜಿಡ್ಡು ಕಂಡು, ತುಪ್ಪದ ಹೆಸರೆತ್ತಿದರೆ ಬೇಡ ಅನಿಸಿದಾಗ ಸಾಕು ಎಂದು ಅರ್ಥ. ಪಿತ್ತಕೋಶದ ಕಲ್ಲು, ಯಕೃತ್ತಿನ ಕಾಯಿಲೆ ಇರುವವರಿಗೆ ಈ ಹಂತವೇ ಅಪಾಯ. ಬಸುರಿಯರು, ಹೃದಯ ಅಥವಾ ಮೂತ್ರಪಿಂಡ ದುರ್ಬಲವಾದವರು, ಗುದದಲ್ಲಿ ಗಾಯ ಅಥವಾ ರಕ್ತಸ್ರಾವ ಇರುವವರು ವಿರೇಚನ ಮಾಡಿಸಿಕೊಳ್ಳಬಾರದು. ಇನ್ಸುಲಿನ್, ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರ ಪ್ರಮಾಣವನ್ನು ಅವರ ವೈದ್ಯರೇ ಹೊಂದಿಸಬೇಕು. ಮನೆಯಲ್ಲೇ ಹರಳೆಣ್ಣೆ ಕುಡಿದು ಹೊಟ್ಟೆ ತೊಳೆಯುವ ಹಳೆ ಪದ್ಧತಿ ವಿರೇಚನದ ಬದಲಿಯಲ್ಲ. ಭೇದಿಯ ದಿನ ಇಳಿದ ಎರಡು ಕಿಲೋ ನೀರಿನದು, ವಾರದಲ್ಲಿ ವಾಪಸು ಬರುತ್ತದೆ.

ಊಟಕ್ಕೆ ಮರಳುವ ಕ್ರಮ ಮಾತ್ರ ಇಲ್ಲಿಯವರಿಗೆ ಸುಲಭ. ಮೊದಲು ಗಂಜಿಯ ತಿಳಿ, ಆಮೇಲೆ ಗಟ್ಟಿ ಗಂಜಿ, ಆಮೇಲೆ ಹೆಸರುಕಾಳಿನ ಕಟ್ಟು, ಕೊನೆಗೆ ಮೆತ್ತಗಿನ ಅನ್ನ. ತಂಬುಳಿ, ಅಪ್ಪೆಹುಳಿ, ಮೀನು ಇವಕ್ಕೆಲ್ಲ ಒಂದು ವಾರ ತಡೆಯಬೇಕು. ಕರಾವಳಿಯವರು ಮೂರನೇ ದಿನಕ್ಕೇ ಬಂಗುಡೆ ಸಾರಿಗೆ ಕೈಹಾಕುವುದರಿಂದಲೇ ಹೊಟ್ಟೆ ಕೆಡಿಸಿಕೊಳ್ಳುವುದು.

ಕುತ್ತಿಗೆಯ ಹಳೆ ವಾತಕ್ಕೆ ಶೋಧನ ಬೇಕೇ ಬೇಕೆಂದಾದರೆ ವಿರೇಚನಕ್ಕಿಂತ ಬಸ್ತಿ, ಅಂದರೆ ಗುದದ ಮೂಲಕ ಎಣ್ಣೆ ಅಥವಾ ಕಷಾಯ ಕೊಡುವುದು, ಹತ್ತಿರದ್ದು. ವಾತಕ್ಕೆ ಅದೇ ಮುಖ್ಯ ಚಿಕಿತ್ಸೆ, ಅದರ ಕಾಲವೂ ಮಳೆಗಾಲ. ಎಂಟು ದಿನದ ಯೋಗಬಸ್ತಿಯಲ್ಲಿ ಎಣ್ಣೆಯವು ಐದು, ಕಷಾಯದವು ಮೂರು. ಎಣ್ಣೆಯದು ಊಟವಾದ ಮೇಲೆ, ಕಷಾಯದ್ದು ಖಾಲಿ ಹೊಟ್ಟೆಗೆ. ಇದನ್ನು ಅದಲುಬದಲು ಮಾಡಿದರೆ ಹೊಟ್ಟೆ ನುಲಿತ. ಅಷ್ಟು ರಜೆ ಇಲ್ಲದವರಿಗೆ ಸುಮಾರು 60 ಮಿ.ಲೀ. ಎಣ್ಣೆಯ ಮಾತ್ರಾಬಸ್ತಿ ಇದೆ. ಅದಕ್ಕೆ ಪಥ್ಯವೂ ಕಡಿಮೆ, ಮುಗಿಸಿ ಮನೆಗೆ ಹೋಗಬಹುದು.

ತೋಟದವರ ಲೆಕ್ಕಕ್ಕೂ ಇದು ಹೊಂದುತ್ತದೆ. ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಯುವ ನಡುವಿನ ಮಳೆದಿನಗಳಲ್ಲಿ ಬಸ್ತಿ ಮಾಡಿಸಿಕೊಳ್ಳಬಹುದು. ಪಿತ್ತದ ತೊಂದರೆಯೂ ಇದ್ದರೆ ಮಳೆ ಹಿಂದಾದ ಆಶ್ವಯುಜ, ಕಾರ್ತಿಕ ವಿರೇಚನದ ಋತು, ಆದರೆ ಅಡಿಕೆ ಕೊಯ್ಲು ಶುರುವಾಗುವ ಮೊದಲೇ ಮುಗಿಸಬೇಕು. ತುಪ್ಪ ಕುಡಿದು ಭೇದಿಯಾದ ವಾರದಲ್ಲೇ ದೋಟಿ ಹಿಡಿದರೆ ತಲೆ ಸುತ್ತಿ ಬೀಳುವುದೇ.

ಎಲ್ಲಿ ಮಾಡಿಸಿದರೂ ವೈದ್ಯರ ನೋಂದಣಿ ಸಂಖ್ಯೆ, ಎಣ್ಣೆಯ ಹೆಸರು, ದಿನದ ಲೆಕ್ಕ ಚೀಟಿಯಲ್ಲಿ ಬರೆದಿರಲಿ. ಸಿದ್ದಾಪುರದಲ್ಲಿ ಆಯುರ್ವೇದ ಕಾಲೇಜೇ ಇದೆ. ಗೋಕರ್ಣದ ಬೀಚ್ ದಾರಿಯ ಮಾಲೀಸು ಕೋಣೆಗಳಿಗೆ ಹೋಗುವ ಮೊದಲು ಅಲ್ಲೊಮ್ಮೆ ತೋರಿಸಬಹುದು. ಏಳು ದಿನದ ಗ್ರೀವಾಬಸ್ತಿ ಮುಗಿದ ಮೇಲೆ ಎರಡು ವಾರ ಕಾದು ನೋಡಿ, ಏನೂ ಬದಲಾಗದಿದ್ದರೆ ಅದನ್ನೇ ಮತ್ತೆ ಏಳು ದಿನ ಮಾಡಿಸುವುದರಲ್ಲಿ ಅರ್ಥವಿಲ್ಲ. ಬದಲಾಗಿದ್ದರೆ ದೋಟಿಯವರು ಇಪ್ಪತ್ತು ನಿಮಿಷಕ್ಕೊಮ್ಮೆ ಕೈ ಬದಲಿಸಿ ಕತ್ತು ಇಳಿಸಲಿ, ಗೊನೆಯ ನೇರ ಕೆಳಗೆ ನಿಲ್ಲುವ ಬದಲು ನಾಲ್ಕು ಹೆಜ್ಜೆ ಹಿಂದೆ ಸರಿದು ನಿಲ್ಲಲಿ. ಸುಲಿಯುವವರು ಮೆಟ್ಟುಗತ್ತಿಯ ಕೆಳಗೆ ಹಲಗೆ ಇಟ್ಟು ಅದನ್ನು ಒಂದು ಗೇಣು ಎತ್ತರಿಸಿಕೊಳ್ಳಲಿ.